ಒಳಗಿನಿಂದ ಬಿಗಿಯುವ ಕಣಜ

ಬೈಕುಲ್ಲಾದ ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಮೋನಪ್ಪನಿಗೆ ಹದಿಮೂರು ವರ್ಷದಿಂದ ಒಂದೇ ಕೆಲಸ, ಅಕ್ಕಿಯ ಕಣಜ ನೋಡಿಕೊಳ್ಳುವುದು. ಅಂದರೆ ಅಡುಗೆಗೆ ಅಳೆದು ಕೊಡುವುದು, ಹುಳ ಹಿಡಿಯದಂತೆ ಕಾಯುವುದು, ಇಲಿಗಳೊಡನೆ ಜಗಳವಾಡುವುದು. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚಿದ ತಗಡಿನ ಕಣಜ ಅದು. ಶೆಟ್ಟರು ಯಾವುದೋ ಗೋದಾಮಿನಿಂದ ಹಳೇ ಮಾಲಾಗಿ ತಂದಾಗ ಜೋಡಿಸಿ ನಿಲ್ಲಿಸಿದವನೂ ಮೋನಪ್ಪನೇ. ಅದರ ಬೋಲ್ಟು ಹೊರಗಿನಿಂದ ತೂರಬೇಕು, ನಟ್ಟು ಒಳಗಿನಿಂದ ಬಿಗಿಯಬೇಕು. ಹಾಗಾಗಿ ಕೊನೆಯ ತಗಡು ಮುಚ್ಚುವಾಗ ಒಬ್ಬ ಒಳಗಿರಲೇಬೇಕು. ಆಮೇಲೆ ಹಗ್ಗ ಹಿಡಿದು ಮೇಲಿನ ಬಾಯಿಂದ ಹತ್ತಿ ಬರಬೇಕು. ಆ ಒಬ್ಬ ಯಾರೆಂದು ಯಾವತ್ತೂ ಯಾರೂ ಕೇಳಿದ್ದಿಲ್ಲ.

ಐವತ್ತಾರರ ಬೇಸಿಗೆಯಲ್ಲಿ ಶೆಟ್ಟರು ಮಲಾಡಿನಲ್ಲಿ ಎರಡನೇ ಹೋಟೆಲು ತೆರೆಯಲು ಹೊರಟರು. ಅದೇ ವಾರ ಊರಿನಿಂದ ಕಾಗದ ಬಂತು. ತಂಗಿ ವಾರಿಜಾಳ ಮಗಳು ಶೀಲಾವತಿಗೆ ಮದುವೆ. ಗುರುವಾರ ಹತ್ತೂವರೆಗೆ ಮುಹೂರ್ತ. ಮೋನಪ್ಪನದು ಅಳಿಯಸಂತಾನದ ಮನೆ. ಅವರಲ್ಲಿ ಹೆಣ್ಣನ್ನು ಧಾರೆ ಎರೆಯುವುದು ಸೋದರಮಾವನ ಕೈ. ಶೀಲಾವತಿಗೆ ಇರುವ ಮಾವ ಇವನೊಬ್ಬನೇ. ಸೋಮವಾರ ಸಂಜೆಯ ಗಾಡಿ ತಪ್ಪಿದರೆ ಮುಹೂರ್ತಕ್ಕೆ ಊರು ಮುಟ್ಟುವ ಹಾಗಿರಲಿಲ್ಲ.

"ಹೋಗು ಮಾರಾಯ, ಬೇಡ ಅಂದವರು ಯಾರು?" ಎಂದರು ಶೆಟ್ಟರು. "ಈ ಕಣಜ ಒಂದು ಬಿಚ್ಚಿ ಮಲಾಡಿನಲ್ಲಿ ನಿಲ್ಲಿಸಿ ಹೋಗು. ಮಂಗಳವಾರ ಅಕ್ಕಿ ಲಾರಿ ಬರ್ತದೆ, ಅದು ನಿನಗೋಸ್ಕರ ಕಾಯುದಿಲ್ಲ."

ಮೋನಪ್ಪ ಎದುರಾಡಲಿಲ್ಲ. ವಾರಿಜಾ ಊರಲ್ಲಿ ಗೇಣಿಗೆ ಮಾಡುತ್ತಿದ್ದುದು ಶೆಟ್ಟರ ಮನೆಯ ಗದ್ದೆಯನ್ನೇ. ಇಲ್ಲಿ ಧಣಿಯ ಮುಖ ಕಪ್ಪಾದರೆ ಅಲ್ಲಿ ಅವಳ ಒಲೆ ಆರುತ್ತದೆ. ಅತ್ತ ದರಿ, ಇತ್ತ ಹುಲಿ.

ಭಾನುವಾರ ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಬಿಚ್ಚಿದ. ತಗಡು ತಗಡಿಗೂ ಸುಣ್ಣದ ಗುರುತು ಹಾಕಿ ಸೋಮವಾರ ಬೆಳಿಗ್ಗೆ ಲಾರಿಗೇರಿಸಿದ. ಜೊತೆಗೆ ತನ್ನ ಟ್ರಂಕು. ಅದರಲ್ಲಿ ಶೀಲಾವತಿಗೆಂದು ಮಾಟುಂಗದಲ್ಲಿ ಕೊಂಡ ಹಸಿರು ಸೀರೆಯಿತ್ತು.

ಮಲಾಡಿನಲ್ಲಿ ಅಡುಗೆಯ ಸೀನ ಹೊರಗಿನಿಂದ ಬೋಲ್ಟು ತೂರಿದ, ಮೋನಪ್ಪ ಒಳಗೆ ನಿಂತು ಪಾನಾ ಹಿಡಿದು ನಟ್ಟು ಬಿಗಿದ. ಕೈ ಓಡುತ್ತಿತ್ತು, ಮನಸ್ಸು ಅದಕ್ಕಿಂತ ಮುಂದೆ ಓಡಿ ಮದುವೆ ಚಪ್ಪರದಲ್ಲಿ ಕೂತಿತ್ತು. ಮೂರು ಗಂಟೆಗೆ ಕೊನೆಯ ನಟ್ಟು ಕೂತಿತು. ಹಗ್ಗಕ್ಕೆಂದು ತಲೆಯೆತ್ತಿದ. ಕಣಜದ ಬಾಯಿಯಿಂದ ಒಂದೇ ಗೇಣು ಮೇಲೆ ಅಟ್ಟದ ಹಲಗೆ. ಹದಿಮೂರು ವರ್ಷ ಬೈಕುಲ್ಲಾದ ಎತ್ತರದ ಮಾಡಿನ ಕೆಳಗೆ ದುಡಿದವನಿಗೆ ಮೊದಲು ಮೇಲೆ ನೋಡುವ ಅಭ್ಯಾಸವೇ ಇರಲಿಲ್ಲ.

"ಸೀನಾ, ಮೇಲೆ ದಾರಿ ಇಲ್ಲ ಮಾರಾಯ!"

ಸೀನ ಮೊದಲು ನಕ್ಕ. ಆಮೇಲೆ ಓಡಿ ಶೆಟ್ಟರನ್ನು ಕರೆತಂದ.

"ಧಣಿ, ಒಂದು ತಗಡು ಬಿಚ್ಚುತ್ತೇನೆ. ಅರ್ಧ ಗಂಟೆ ಸಾಕು. ನನಗೆ ಗಾಡಿ ಉಂಟು."

"ಬಿಚ್ಚಿದ್ರೆ ಮತ್ತೆ ಮುಚ್ಚುದು ಯಾರು? ನೀನು ಊರಿಗೆ, ಅಕ್ಕಿ ನಾಳೆಗೆ! ಅಟ್ಟದಿಂದ ಅಕ್ಕಿ ಸುರೀಲಿಕ್ಕೆ ಹೇಗೂ ಬಡಗಿ ಬಂದು ಹಲಗೆಯಲ್ಲಿ ಕಂಡಿ ಕೊರೀಲಿಕ್ಕುಂಟು. ಈಗಲೇ ಹೇಳಿ ಕಳಿಸ್ತೇನೆ. ಸ್ವಲ್ಪ ತಾಳು."

ಪಾನಾ ಮೋನಪ್ಪನ ಕೈಯಲ್ಲೇ ಇತ್ತು. ಎಂಟು ನಟ್ಟು ಬಿಚ್ಚಿದರೆ ಹೊರಗೆ. ಮೊದಲನೆಯದಕ್ಕೆ ಹಚ್ಚಿಯೂ ಹಚ್ಚಿದ. ವಾರಿಜಾಳ ಗದ್ದೆ ಕಣ್ಣಿಗೆ ಕಟ್ಟಿತು. ಕೈ ತಾನಾಗಿ ಇಳಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾಗಿ, ಕಾದ ತಗಡಿಗೆ ಬೆನ್ನು ಕೊಟ್ಟು ಕುಕ್ಕರಿಸಿದ. ಹಳೇ ತೌಡಿನ ವಾಸನೆ ಉಸಿರು ಕಟ್ಟಿಸುತ್ತಿತ್ತು. ಹೊರಗೆ ಲೋಕಲ್‌ಗಳು ಒಂದರ ಹಿಂದೊಂದು ಹೋಗುವುದು ಕೇಳುತ್ತಿತ್ತು.

ಬಡಗಿ ಬಂದಾಗ ದೀಪ ಹಚ್ಚಿಯಾಗಿತ್ತು. ಗಾಡಿ ಹೋಗಿ ಒಂದು ಗಂಟೆಯಾಗಿತ್ತು.

ಮಂಗಳವಾರ ಅಕ್ಕಿ ಬರಲಿಲ್ಲ. ಬುಧವಾರವೂ ಇಲ್ಲ. ಕಾಯಲಾರೆನೆಂದಿದ್ದ ಲಾರಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದು ನಿಂತಿತು. ಶೆಟ್ಟರಿಗೂ ಒಳಗೆಲ್ಲೋ ಚುಚ್ಚಿರಬೇಕು.

"ಮೊದಲ ಅಕ್ಕಿ ನಿನ್ನ ಕೈಯಿಂದಲೇ ಬೀಳಲಿ ಮೋನಪ್ಪ. ನಿನ್ನ ಕೈಗುಣ ಒಳ್ಳೇದು," ಎಂದು ತಾವೂ ಅಟ್ಟ ಹತ್ತಿದರು.

ಮೋನಪ್ಪ ಕೈಕಾಲು ತೊಳೆದು ಬಂದ. ಗಡಿಯಾರದಲ್ಲಿ ಹತ್ತೂವರೆ. ಊರಲ್ಲಿ ಮಾವನ ಜಾಗದಲ್ಲಿ ನಿಂತು ಯಾರೋ ತಂಬಿಗೆ ಎತ್ತಿರಬೇಕು. ಅವನು ಬೊಗಸೆಯನ್ನು ಕಂಡಿಯ ಮೇಲೆ ಹಿಡಿದ. ಬೆರಳಿನಿಂದ ನೀರು ತೊಟ್ಟಿಕ್ಕಿತು.

"ಏ, ಕೈ ಒರೆಸು ಮಾರಾಯ! ನೀರು ತಾಗಿದ್ರೆ ಅಕ್ಕಿ ಮುಗ್ಗಲು ಹಿಡೀತದೆ," ಎಂದರು ಶೆಟ್ಟರು.

ಮೋನಪ್ಪ ಪಂಚೆಗೆ ಕೈ ಒರೆಸಿಕೊಂಡ. ಬೊಗಸೆ ತುಂಬ ಅಕ್ಕಿ ತೆಗೆದು, ಒಣ ಕೈಯಿಂದ ಶೀಲಾವತಿಯನ್ನು ಧಾರೆ ಎರೆದ.