ಭಾವ ಮನೆಯಲ್ಲೇ ತುಂಬಿದ ಗುಂಡುಗಳು

ಗೆಳೆಯರೇ, ಸತ್ಯ ಹೇಳಿದವರಿಗೆ ವಿಮಾನಯಾನದಲ್ಲಿ ಎಂಥ ಮರ್ಯಾದೆ ಸಿಗುತ್ತದೆ ಎಂಬುದನ್ನು ಇವತ್ತು ಬೆಳಿಗ್ಗೆ ಕಣ್ಣಾರೆ ಕಂಡೆ.

ಅಮೆರಿಕದಲ್ಲಿರುವ ಅಕ್ಕ, ಭಾವ ನೈರೋಬಿಯಲ್ಲಿ ವಿಮಾನ ಬದಲಿಸಿ ಟಾಂಜಾನಿಯಾಕ್ಕೆ ಹೊರಟಿದ್ದರು. ಭಾವನವರಿಗೆ ಕಾಡೆಮ್ಮೆ ಬೇಟೆಯ ಆಸೆ. ಅದಕ್ಕಾಗಿ ಮೂರು ವರ್ಷ ಕಾದಿದ್ದರು. ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿರುವ ನಾನೂ ಅವರನ್ನು ನೋಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಬಂದೂಕಿನ ಕಾಗದಗಳೆಲ್ಲ ಸರಿಯಾಗಿದ್ದವು. ಗುಂಡುಗಳೂ ಕಂಪನಿಯ ಹೆಸರಿದ್ದ ಪೆಟ್ಟಿಗೆಯಲ್ಲೇ ಇದ್ದವು, ತೂಕವೂ ನಿಯಮದ ಐದು ಕಿಲೋ ಒಳಗೆ. ಕೌಂಟರಿನ ಹುಡುಗಿ ಇನ್ನೇನು ಲಗೇಜಿನ ಚೀಟಿ ಅಂಟಿಸುವುದರಲ್ಲಿದ್ದಳು.

ಅಷ್ಟರಲ್ಲಿ ಭಾವ ಹೆಮ್ಮೆಯಿಂದ ಬಾಯಿಬಿಟ್ಟರು: "ಪೆಟ್ಟಿಗೆ ಮಾತ್ರ ಕಂಪನಿಯದು. ಗುಂಡು ನಾನೇ ಮನೆಯಲ್ಲಿ ತುಂಬಿದ್ದು. ಒಂದೊಂದಕ್ಕೂ ಮದ್ದು ತೂಗಿ ಹಾಕಿದ್ದೇನೆ."

ಅವಳು ಚೀಟಿ ಕೆಳಗಿಟ್ಟಳು. "ಪೋಲೆ ಸಾನಾ ಸರ್, ಕ್ಷಮಿಸಿ. ಕಾರ್ಖಾನೆಯಲ್ಲಿ ತುಂಬಿದ್ದನ್ನು ಮಾತ್ರ ನಾವು ಒಯ್ಯುತ್ತೇವೆ."

"ಕಾರ್ಖಾನೆಯದಕ್ಕಿಂತ ನನ್ನದೇ ಚೆನ್ನಾಗಿದೆ!"

"ಇರಬಹುದು ಸರ್."

ಅಕ್ಕ ಹಣೆ ಚಚ್ಚಿಕೊಂಡಳು. "ರೀ, ಇಪ್ಪತ್ತು ವರ್ಷದಿಂದ ಸಾರಿನ ಪುಡೀನ ಕಾಫಿ ಕಂಪನಿ ಡಬ್ಬೀಲಿ ಹಾಕ್ಕೊಂಡು ಊರೂರು ಸುತ್ತಿದೀನಿ. ನಾನೇ ಕುಟ್ಟಿದ್ದು ಅಂತ ಯಾವತ್ತಾದ್ರೂ ಏರ್‌ಪೋರ್ಟಲ್ಲಿ ಜಂಬ ಕೊಚ್ಕೊಂಡಿದೀನಾ?"

ಗುಂಡುಗಳು ಪೊಲೀಸರ ರಸೀದಿಯೊಂದಿಗೆ ಇಲ್ಲೇ ಉಳಿದವು. ಆ ಬಂದೂಕಿಗೆ ಹೊಂದುವ ಗುಂಡು ಅಲ್ಲಿ ಸಿಗುವುದು ಕಷ್ಟವಂತೆ. ಆದರೂ ಬರಿದಾದ ಬಂದೂಕಿನೊಂದಿಗೆ ಭಾವ ವಿಮಾನ ಹತ್ತಿದರು. ಕಾಫಿ ಡಬ್ಬಿಯನ್ನು ಎಂದಿನಂತೆ ಯಾರೂ ಏನೂ ಕೇಳಲಿಲ್ಲ.

ಟಾಂಜಾನಿಯಾದ ಕಾಡೆಮ್ಮೆಗಳಿಗೆ ಇನ್ನು ಭಯವೇನಿದ್ದರೂ ಅಕ್ಕನ ಸಾರಿನ ಘಾಟಿನದು.