ಓಡುತ್ತಲೇ ಇದ್ದ ಮೈ

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ರಕ್ತ ಕಂಡರೆ ಮೂರ್ಛೆ ಹೋಗುವ ಆಸಾಮಿ. ಹಾರನಹಳ್ಳಿಯಲ್ಲಿ ಈ ಗುಟ್ಟನ್ನು ಒಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದೆ. ಕಪ್ಪೆ ಕುಯ್ಯುವ ದಿನ ನನಗೆ ತಪ್ಪದೆ ಜ್ವರ ಬರುತ್ತಿತ್ತು. ಅಂಥವನ ಪಾಲಿಗೆ ದೇವೀರಕ್ಕನ ಕಾಲು ಬಂತು.

ದೇವೀರಕ್ಕ ನನ್ನ ಒಡಹುಟ್ಟಿದವಳು. ಅವಳನ್ನು ಕೊಟ್ಟದ್ದು ಕಾಕನಕೋಟೆ ಕಾಡಿನಂಚಿನ ಹಳ್ಳಿಗೆ. ಒಂದು ಬೆಳಿಗ್ಗೆ ಹುರುಳಿ ಹೊಲದಲ್ಲಿ ಒಂಟಿ ಆನೆ ಎದುರಾಯಿತು. ಇವಳು ಓಡಿದಳು, ಮುಳ್ಳುತಂತಿ ಬೇಲಿ ದಾಟುವಾಗ ಮೀನಖಂಡ ಸೀಳಿಕೊಂಡಿತು. ಆನೆ ಅಟ್ಟಿಸಿಕೊಂಡು ಬರಲೇ ಇಲ್ಲ. ನಿಂತಲ್ಲೇ ನಿಂತು ಹೊಟ್ಟೆಯೊಳಗಿಂದ ಗುರುಗುಟ್ಟಿತಂತೆ, ಅಷ್ಟೆ.

ಹೊಲಿಗೆ ಹಾಕಿದರು, ಮಾತ್ರೆ ಕೊಟ್ಟರು. ಅವಳಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ. ಆದರೆ ಮೂರು ತಿಂಗಳು ಕಳೆದರೂ ಗಾಯ ಕೂಡಲಿಲ್ಲ. ಸುತ್ತ ಕೆಂಪಗೆ, ಬಿಸಿಯಾಗಿ ಊದಿಕೊಂಡೇ ಇತ್ತು. ಮನೆಗೆ ಕರೆದುಕೊಂಡು ಬಂದೆ. ದಿನವಿಡೀ ಗೋಡೆಗೆ ಒರಗಿ, ಎದೆ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು.

“ಕೇಳ್ತದೇನ್ಲಾ?”

“ಏನಕ್ಕ?”

“ಗುರ್ ಅಂತದಲ್ಲ, ಅದು.”

ಹಾರನಹಳ್ಳಿಗೆ ಆನೆ ಎಲ್ಲಿಂದ ಬರಬೇಕು? ನಗೋಣ ಅಂದುಕೊಂಡೆ. ಅಷ್ಟರಲ್ಲಿ ಕೊಟ್ಟಿಗೆಯ ಎಮ್ಮೆ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸಿತು.

ಪಟ್ಟಿ ಬದಲಾಯಿಸುವ ನರ್ಸಮ್ಮ ಒಂದು ದಿನ ಅಕ್ಕನ ನಾಡಿ ಹಿಡಿದು ನನ್ನ ಕಡೆ ತಿರುಗಿದರು. “ಆನೆ ಹೋಗಿ ಮೂರ್ ತಿಂಗ್ಳಾಯ್ತು ಸಾರ್. ಇವ್ರ ಮೈ ಇನ್ನೂ ಓಡ್ತಾನೇ ಅದೆ.”

ನರ್ಸಮ್ಮನ ಈ ಮಾತು ಹೇಳಿದಾಗ ಡಾಕ್ಟರು ನಗಲಿಲ್ಲ. ವೇಗಸ್ ಅಂತ ಒಂದು ನರವಿದೆ ಎಂದರು. ಲ್ಯಾಟಿನ್ನಿನಲ್ಲಿ ಅಲೆಮಾರಿ ಎಂದರ್ಥ. ಮಿದುಳಿನ ಬುಡದಿಂದ ಇಳಿದು ಗಂಟಲು, ಹೃದಯ, ಶ್ವಾಸಕೋಶ, ಕರುಳು ಎಲ್ಲ ಅಲೆದಾಡುತ್ತದೆ; ಅಪಾಯ ಕಳೆಯಿತು ಎಂದು ಹೃದಯಕ್ಕೆ ಹೇಳುವುದೂ ಅದೇ, ಉರಿಯೂತಕ್ಕೆ ‘ಇನ್ನು ಸಾಕು’ ಅನ್ನುವುದೂ ಅದೇ ಇರಬಹುದು ಅಂತ ಈಚೆಗೆ ತಿಳಿದುಬರುತ್ತಿದೆಯಂತೆ. ನಾನು ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ ಎಳೆದು ಮುಗಿಸುತ್ತಿದ್ದ ನರ! “ಮಾತ್ರೆ ಬಿಡಬೇಡಿ. ಜೊತೆಗೆ ನಿಧಾನವಾಗಿ ಉಸಿರು ಬಿಡೋದು ಕಲಿಸಿ” ಎಂದರು. ಅಕ್ಕನಿಗೆ ಅದು ಆಗಲಿಲ್ಲ. ಉಸಿರು ಬಿಡಲು ಹೋದರೆ ಬೆಚ್ಚಿಬೀಳುತ್ತಿದ್ದಳು.

“ನನ್ನ ಆ ಹೊಲ್ದತ್ರ ಕರ್ಕೊಂಡೋಗು” ಎಂದು ಅವಳೇ ಹಟ ಹಿಡಿದಳು.

ಹೋದೆವು. ಮಧ್ಯಾಹ್ನದ ಹೊತ್ತು. ಬೇಲಿಯಾಚೆ ಒಂದು ಎಲೆಯೂ ಅಲುಗುತ್ತಿರಲಿಲ್ಲ, ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಬೇಲಿಯ ತಂತಿಯಲ್ಲಿ ಅಕ್ಕನ ಸೀರೆಯ ಚೂರು ಇನ್ನೂ ಸಿಕ್ಕಿಕೊಂಡಿತ್ತು, ಅದರ ಮೇಲೆ ಒಣಗಿದ ಕಂದು ಕಲೆ. ಅದನ್ನು ಕಂಡೆ. ಆಗಲೇ ಗುರ್ ಎಂದಿತು. ಕಿವಿಗಲ್ಲ, ನೇರ ಎದೆಗೂಡಿಗೇ ತಾಗಿದ ಸದ್ದು. ಮುಂದಿನದು ನೆನಪಿಲ್ಲ.

ಎಚ್ಚರವಾದಾಗ ನನ್ನ ತಲೆ ಅಕ್ಕನ ತೊಡೆಯ ಮೇಲಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸುತ್ತಿದ್ದ ಹಾಗೆ ಬಾಯಿ ಮುಚ್ಚಿಕೊಂಡೇ, ಉದ್ದಕ್ಕೆ ಉಸಿರು ಬಿಡುತ್ತ ‘ಹೂಂ’ ಎಂದು ಗುನುಗುತ್ತಿದ್ದಳು. ನನ್ನನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಹೆದರುವುದನ್ನೇ ಮರೆತಿದ್ದಳು. ಕೈಗೆ ಸಿಕ್ಕಿದ ಅವಳ ನಾಡಿ ನಿಧಾನವಾಗಿ ಹೊಡೆಯುತ್ತಿತ್ತು.

ದಾರಿಯಲ್ಲಿ ಸಿಕ್ಕ ಕಾಡಿನ ವಾಚರ್‌ನನ್ನು ಆನೆಯ ಬಗ್ಗೆ ಕೇಳಿದೆ. “ಆನೆನಾ? ಎಲ್ಲಾ ಡ್ಯಾಮ್ ಇನ್ನೀರ್ ಕಡೆಗೋಗಿ ವಾರಾಯ್ತಲ್ಲ ಸಾಮಿ” ಎಂದ.

ಅವತ್ತಿನಿಂದ ಅಕ್ಕ ನಿದ್ದೆ ಮಾಡಿದಳು. ಗುನುಗುವುದನ್ನು ಬಿಡಲಿಲ್ಲ. ವಾರದೊಳಗೆ ಊತ ಇಳಿಯಿತು, ಎರಡು ತಿಂಗಳಿಗೆ ಗಾಯ ಕೂಡಿತು. ಮಾತ್ರೆಯೋ ನರವೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

ಎಷ್ಟೋ ದಿನದ ಮೇಲೆ ಕೇಳಿದೆ: “ಅವತ್ತು ಅಲ್ಲಿ ಗುರುಗುಟ್ಟಿದ್ದು ಏನಕ್ಕ?”

ಅವರೆಕಾಯಿ ಬಿಡಿಸುತ್ತಿದ್ದ ಅಕ್ಕ ತಲೆ ಎತ್ತಿ ನನ್ನನ್ನೇ ದಿಟ್ಟಿಸಿದಳು. “ಅದ್ಯಾಕ್ಲಾ ನನ್ ಕೇಳ್ತೀಯ? ಬಂದಿದ್ದು ನಿನ್ ಎದೆಯಿಂದಲ್ವಾ?”

ಅಂದಿನಿಂದ ನಾನು ಎಡಮಗ್ಗುಲಲ್ಲಿ ಮಲಗುವುದಿಲ್ಲ. ಕಿವಿ ದಿಂಬಿಗೆ ಒತ್ತಿದರೆ ಏನೇನೋ ಕೇಳಿಸುತ್ತದೆ. ಮೈ ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ಮಾತನ್ನೆಲ್ಲ ಯಜಮಾನನೇ ಕೇಳಿಸಿಕೊಳ್ಳಬೇಕೆಂದೇನೂ ಇಲ್ಲ.