ಸೊಂಟಕ್ಕೆ ಕಟ್ಟಿಕೊಂಡ ಎರಡು ಸೈಕಲ್

ಸಂಜೆ ಸರಿಯಾಗಿ ನಾಲ್ಕು ಗಂಟೆಗೆ, ಆಚೆ ದಡದ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗುತ್ತಿದ್ದಾಗ, ನಮ್ಮ ದೋಣಿಯ ತಳ ನೀರೊಳಗಿನ ಮರಳು ದಿಬ್ಬಕ್ಕೆ ತಾಗಿತು. ಭೋಂಗಾ ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲಿ ನಾನು ಕೃಷ್ಣೆಯೊಳಗಿದ್ದೆ. ನಡುವಿನ ಆ ಚೂರು ಹೊತ್ತನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಯಾವ ಸಲ ನೋಡಿದರೂ ತಪ್ಪು ನನ್ನದೇ. ಬದುಕಿಸಿದವಳು ಹೆಂಡತಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲ್ ಮಾಸ್ತರ, ಬಿ.ಎಸ್ಸಿ. ಮುಗಿಸಿದವನು. ಅವಳು ಹೊಳೆದಂಡೆಯ ಉಗಾರ ಬುದ್ರುಕದ ಮಗಳು. ದೀಪಾವಳಿ ರಜೆಯಲ್ಲಿ ತವರಿಗೆ ಸೈಕಲ್ ಮೇಲೆ ಹೋಗೋಣ, ಅಲ್ಲಿಗೇ ನಿಲ್ಲುವುದು ಬೇಡ, ಗಡಿ ದಾಟಿ ಒಂದು ಸುತ್ತು ಹಾಕಿ ಬರೋಣ ಎಂದವಳು ಅವಳೇ. ಚಿಕ್ಕೋಡಿಯಿಂದ ರಾಯಬಾಗ, ಹೊಳೆ ದಾಟಿ ಉಗಾರ, ಆಮೇಲೆ ಅಥಣಿ, ಕಾಗವಾಡ, ಆಚೆ ರಾಜ್ಯದ ಮಿರಜ, ಕೊಲ್ಹಾಪುರ, ಮತ್ತೆ ಗಡಿಯೊಳಗೆ ನಿಪ್ಪಾಣಿ, ಮನೆ. ನಾನು ನಕಾಶೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಅವಳು ಸೀರೆ ಚಕ್ರಕ್ಕೆ ಸಿಗದ ಹಾಗೆ ಕಚ್ಚೆ ಹಾಕಿ ಉಟ್ಟು, ಓಣಿಯ ತುಂಬ ನಾಲ್ಕು ದಿನ ಸೈಕಲ್ ಹೊಡೆದು ತೋರಿಸಿದಳು.

ಎದುರು ಮನೆಯ ಮುದುಕಿಗೆ ತಡೆಯಲಾಗಲಿಲ್ಲ. “ಯಾಕ ಬೇ, ಬಸ್ಸು ಬಂದ್ ಆಗ್ಯಾವೇನು?”

“ಬಸ್ಸಿನ್ಯಾಗ ಒಂದ್ ಕಿಡಕಿ ಸಿಗೂದಿಲ್ರಿ ಅತ್ತಿ. ಇದರಾಗ ನಾಕೂ ಕಡೆ ಕಿಡಕೀನ.”

ಮೊದಲ ದಿನ ಕರೋಶಿ ದಾಟಿ ರಾಯಬಾಗ ಮುಟ್ಟಿದೆವು. ಏರು ಬಂದಲ್ಲೆಲ್ಲ ನಾನು ಇಳಿದು ದೂಡಿದೆ, ಅವಳು ಇಳಿಯಲಿಲ್ಲ. ಮರುದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಳೆಯ ದಂಡೆಯಲ್ಲಿದ್ದೆವು. ಸೇತುವೆಯ ಮೇಲಿಂದಲೂ ಹೋಗಬಹುದಿತ್ತು. ಆದರೆ ತವರಿಗೆ ದೋಣಿಯಿಂದ ಇಳಿಯಬೇಕೆಂಬ ಆಸೆ ಅವಳದು. ಮಳೆಗಾಲ ಮುಗಿದಿದ್ದರೂ ನೀರು ಇನ್ನೂ ಕೆಂಪಗೆ, ತುಂಬಿ ಹರಿಯುತ್ತಿತ್ತು.

ನನಗೆ ಈಜು ಬರುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಈಜು ಬಾರದವನಿಗೆ ನೀರಿನ ಹತ್ತಿರ ಭಾರವಾದದ್ದೆಲ್ಲ ಆಸರೆಯ ಹಾಗೆ ಕಾಣುತ್ತದೆ. ಸೈಕಲ್ ಅಂಗಡಿಯಿಂದ ತಂದಿದ್ದ ಹಳೆಯ ಟ್ಯೂಬಿನ ಪಟ್ಟಿಯಿಂದ ಎರಡೂ ಸೈಕಲ್ ಜೋಡಿಸಿ ಕಟ್ಟಿದೆ. ದೋಣಿಯ ಅಂಚಿಗೆ ಒರಗಿಸಿದೆ. ಅವು ಜಾರಿ ಹೋಗಬಾರದೆಂದು ಪಟ್ಟಿಯ ಉಳಿದ ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ.

ಅಂಬಿಗ ಅವಳ ಊರಿನವನೇ. ಗಳ ಊರಿ ದೋಣಿ ಬಿಡುವ ಮೊದಲು ನನ್ನ ಸೊಂಟ ನೋಡಿದ.

“ಅಳಿಯಂದ್ರ, ಆ ರಬ್ಬರ ಬಿಚ್ರಿ. ದೋಣ್ಯಾಗ ಯಾರ್ನೂ ಯಾವುದಕ್ಕೂ ಕಟ್ಟೂದಿಲ್ಲ. ಎತ್ತಿನ ಹಗ್ಗಾನೂ ಬಿಚ್ಚೇ ಹತ್ತಸ್ತೀವಿ.”

“ಸೈಕಲ್ ನೀರಿಗಿ ಬಿದ್ರ?”

“ಬಿದ್ರ ಸೈಕಲ್ ಬೀಳ್ತೈತ್ರಿ.”

ದೋಣಿಯಲ್ಲಿದ್ದವರೆಲ್ಲ ನಕ್ಕರು. ಹುಲ್ಲಿನ ಹೊರೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು, “ಅಳಿಯಾಗ ಹೇಣ್ತಿಗಿಂತ ಸೈಕಲ್ ಮ್ಯಾಲ ಜೀವಾ ಭಾಳ ಐತಿ,” ಎಂದಳು. ನನಗೆ ಸಿಟ್ಟು ಬಂತು. ಆ ಕಡೆ ತಿರುಗಿ, ಬಿಚ್ಚಿದವನ ಹಾಗೆ ಕೈ ಆಡಿಸಿದೆ. ಅಂಗಿಯನ್ನು ಗಂಟಿನ ಮೇಲೆ ಎಳೆದುಕೊಂಡೆ. “ಬಿಚ್ಚಿದ್ರಿ?” ಎಂದು ಹೆಂಡತಿ ಕೇಳಿದಳು. “ಬಿಚ್ಚೇನಿ,” ಎಂದೆ.

ದಿಬ್ಬಕ್ಕೆ ತಾಗಿದ ದೋಣಿ ಗಿರಕ್ಕನೆ ತಿರುಗಿತು. ಜನ ಒಂದೇ ಬದಿಗೆ ವಾಲಿದರು. ಸೈಕಲ್‌ಗಳು ಸದ್ದಿಲ್ಲದೆ ಅಂಚಿನಾಚೆ ಮಗುಚಿದವು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ಸೊಂಟ ಹಿಡಿದು ಎಳೆದ ಹಾಗಾಯಿತು.

ನೀರೊಳಗೆ ಕಣ್ಣು ಬಿಟ್ಟಿದ್ದೆ. ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ಗಂಟು ಹುಡುಕಿದೆ; ತೊಯ್ದ ರಬ್ಬರು ಬಿಗಿದುಕೊಂಡಿತ್ತು, ಉಗುರು ಒಳಗಿಳಿಯಲಿಲ್ಲ. ಕಬ್ಬಿಣ ಕೆಳಗೆ ಹೋಗುತ್ತಿತ್ತು, ನಾನೂ ಹೋಗುತ್ತಿದ್ದೆ. ಇಂದಿಗೂ ತಲೆ ಮೇಲೆ ತಂಬಿಗೆ ನೀರು ಸುರಿದುಕೊಂಡರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ.

ಮೇಲೆ ನಡೆದದ್ದನ್ನು ಅಂಬಿಗ ಆಮೇಲೆ ಹೇಳಿದ. ಎಲ್ಲರೂ ಚೀರುತ್ತಿದ್ದರಂತೆ. ಇವಳು ಚೀರಲಿಲ್ಲ. ಅಂಚಿನ ಮೇಲೆ ರಬ್ಬರು ಸರ್ರನೆ ಜಾರಿ ಹೋದದ್ದನ್ನು ಇವಳೊಬ್ಬಳೇ ನೋಡಿದ್ದಳು. ಹುಲ್ಲಿನವಳ ಕೈಯಿಂದ ಕುಡಗೋಲು ಕಿತ್ತುಕೊಂಡು ಹಾರಿದಳು.

ನನಗೆ ನೆನಪಿರುವುದು ಅವಳ ತೋಳು. ಸಿಕ್ಕಿದ್ದೇ ಗಟ್ಟಿಯಾಗಿ ತಬ್ಬಿಕೊಂಡೆ. ಅವಳು ಮೊಣಕಾಲಿನಿಂದ ನನ್ನ ಎದೆಗೆ ಒದ್ದಳು. ನನ್ನ ಕೈ ಬಿಟ್ಟಿತು. ಪಕ್ಕೆಯ ಹತ್ತಿರ ಸುರ್ರನೆ ಉರಿ, ಆಮೇಲೆ ಭಾರವೇ ಇಲ್ಲ. ಕೂದಲು ಹಿಡಿದು ಎಳೆದುಕೊಂಡು ಬಂದಳು. ಅಂಬಿಗ ಚಾಚಿದ ಗಳಕ್ಕೆ ಇಬ್ಬರೂ ಜೋತುಬಿದ್ದೆವು.

ನನ್ನನ್ನು ದೋಣಿಯಲ್ಲಿ ಕವುಚಿ ಹಾಕಿ ನೀರು ಕಕ್ಕಿಸುತ್ತಿರುವಾಗ ಹುಲ್ಲಿನವಳ ದನಿ ಕೇಳಿಸಿತು: “ನನ್ನ ಕುಡಗೋಲ ಎಲ್ಲಿ ಬೇ?”

“ತಗೋ ಅಕ್ಕಾ,” ಎಂದಳು ಇವಳು, ಏದುಸಿರು ಬಿಡುತ್ತ. “ಛಲೋ ಹರಿತ ಐತಿ.”

ತವರಿನಲ್ಲಿ ಬಿಸಿ ಅಂಬಲಿ ಕೊಟ್ಟರು, ಹೊದಿಸಿದರು, ಪಕ್ಕೆಯ ಗಾಯಕ್ಕೆ ಅರಿಸಿನ ಮೆತ್ತಿದರು. ಎಲ್ಲರೂ ಹೊರಗೆ ಹೋದ ಮೇಲೆ ಅವಳು ಒಂದೇ ಮಾತು ಕೇಳಿದಳು: “ಬಿಚ್ಚೇನಿ ಅಂದಿದ್ರಲ್ರಿ?” ನಾನು ಗೋಡೆಯ ಕಡೆ ಮಗ್ಗುಲಾದೆ. ಅವಳು ಬಯ್ದಿದ್ದರೆ ತಾಳಿಕೊಳ್ಳುತ್ತಿದ್ದೆ.

ಮರುದಿನ ಅಂಬಿಗರು ಹಗ್ಗಕ್ಕೆ ಕೊಕ್ಕೆ ಕಟ್ಟಿ ನೀರೊಳಗೆ ಆಡಿಸಿ ಎರಡೂ ಸೈಕಲ್ ಎತ್ತಿದರು. ಜೋಡಿ ಬಿಟ್ಟಿರಲಿಲ್ಲ. ಚಕ್ರ ಬಿಚ್ಚಿ ಮರಳು ತೊಳೆದು ಎಣ್ಣೆ ಬಿಟ್ಟೆವು. ಬಸ್ಸಿಗೆ ಹೋಗಿ ಎಂದು ಅತ್ತೆ ಅತ್ತರು.

“ಹೊಳ್ಯಾಗಿಂದ ತಗದದ್ದು ಮೂಲ್ಯಾಗ ಇಡಾಕೇನವ್ವಾ?” ಎಂದು ಇವಳು ಪೆಡಲ್ ಮೇಲೆ ಕಾಲಿಟ್ಟಳು.

ನನಗೆ ಆ ಹೊತ್ತು ಧೈರ್ಯವಿರಲಿಲ್ಲ. ಅವಳ ಹಿಂದೆ ಹೋದೆ, ಅಷ್ಟೇ. ಅಥಣಿಗೆ ಹೋದೆವು. ಕಾಗವಾಡ ಮುಗಿದು ಗಡಿ ದಾಟಿದ ಮೇಲೆ ಒಂದು ಚಹಾದ ಅಂಗಡಿ. ಅಂಗಡಿಯವ ಮರಾಠಿಯಲ್ಲಿ, ಚಿಕ್ಕೋಡಿಯಿಂದ ಸೈಕಲ್ಲಿನ ಮೇಲೆಯೇ, ಹೆಂಗಸು ಕೂಡ, ಎಂದು ಕಣ್ಣರಳಿಸಿದ. “ಬಾಈಚ ಪುಢೇ ಆಹೆ,” ಎಂದಳು ಇವಳು. ಹೆಂಗಸೇ ಮುಂದಿದ್ದಾಳೆ! ಅವನು ಚಹಾದ ದುಡ್ಡು ಮುಟ್ಟಲಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ, ನೀರು ಕುಡಿದಲ್ಲಿಂದ ಕಾಡುತ್ತಿದ್ದ ಕೆಮ್ಮನ್ನೂ ಒಂದು ಗಳಿಗೆ ಮರೆತೆ. ಹೊಳೆಯ ಸುದ್ದಿ ನಮಗಿಂತ ಮೊದಲು ನಿಪ್ಪಾಣಿ ಮುಟ್ಟಿತ್ತು. ಅಲ್ಲಿ ಗೆಳೆಯನ ಮನೆಯಲ್ಲಿ ಹೆಂಗಸರು ಅವಳನ್ನು ನಡುವೆ ಕೂರಿಸಿಕೊಂಡು ಕಥೆ ಕೇಳಿದರು. ನನ್ನ ಸುಳ್ಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಹೇಳಿದಳು. ಬಿಟ್ಟದ್ದನ್ನು ನಾನೇ ಬಾಯಿಬಿಟ್ಟು ಹೇಳಿದೆ. ಅವಳು ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದಳು. ಹೊಳೆ ದಾಟಿದ ಮೇಲೆ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಆದರೆ ನಿದ್ದೆ ನಮ್ಮನ್ನು ಬಿಟ್ಟು ಹೋಗಿತ್ತು. ಯಾವ ಊರಲ್ಲಿ ಮಲಗಿದರೂ ನಾನು ಉಸಿರು ಕಟ್ಟಿ ಏಳುತ್ತಿದ್ದೆ. ಏಳುವಷ್ಟರಲ್ಲಿ ಅವಳ ಕೈ ನನ್ನ ಸೊಂಟದ ಮೇಲಿರುತ್ತಿತ್ತು, ಏನಾದರೂ ಕಟ್ಟಿದೆಯೇ ಎಂದು ತಡವುತ್ತ. ಮನೆಗೆ ಬಂದು ತಿಂಗಳಾದರೂ ಅದೇ ಪಾಡು. ಒಂದು ಮುಂಜಾನೆ ಅವಳು ಖಡಾಖಂಡಿತ ಹೇಳಿದಳು: “ನೀವು ಈಸೂದು ಕಲತ ಹೊರತು ನನಗ ನಿದ್ದಿ ಇಲ್ರಿ.”

ಕರೋಶಿಯಲ್ಲಿ ಪರಿಚಯದ ರೈತರೊಬ್ಬರ ಮೆಟ್ಟಿಲ ಬಾವಿ ಇತ್ತು. ಪ್ರತಿ ರವಿವಾರ ಸೈಕಲ್ ಮೇಲೆ ಅಲ್ಲಿಗೆ. ಹೊಸಬರ ಬೆನ್ನಿಗೆ ಒಣ ಬೆಂಡು ಕಟ್ಟಿ ನೀರಿಗೆ ಇಳಿಸುವುದು ನಮ್ಮ ಕಡೆಯ ರೂಢಿ. ಸೊಂಟಕ್ಕೆ ಹಗ್ಗ ಸುತ್ತಿದ ಕೂಡಲೇ ನಾನು ಹಿಂದಕ್ಕೆ ಸರಿದು ಒಲ್ಲೆ ಎಂದೆ.

“ಇದು ತೇಲ್ತೈತಿ, ಅದು ಮುಳಗ್ತಿತ್ತು,” ಎಂದಳು ಅವಳು. “ಬಿ.ಎಸ್ಸಿ.ಯಾಗ ಇಷ್ಟೂ ಕಲಸಲಿಲ್ಲೇನ್ರಿ?”

ಗಂಟು ಅವಳೇ ಹಾಕಿದಳು, ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಬಿಚ್ಚುವುದನ್ನು ಹತ್ತು ಸಲ ನನ್ನ ಕೈಯಿಂದ ಮಾಡಿಸಿದಳು. ವಾರಕ್ಕೊಂದಿಷ್ಟು ಬೆಂಡು ಕಡಿಮೆಯಾಯಿತು. ಬೇಸಿಗೆ ಕಾಲಿಡುವ ಹೊತ್ತಿನ ಒಂದು ರವಿವಾರ ಬೆಂಡಿಲ್ಲದೆ ಈಚೆ ಗೋಡೆಯಿಂದ ಆಚೆ ಗೋಡೆಗೆ ಹೋಗಿ ಮುಟ್ಟಿದೆ, ತಿರುಗಿ ಬಂದೆ.

“ಮಾಸ್ತರ, ನೀರ ಖಾಲಿ ಮಾಡಬ್ಯಾಡ್ರಿ, ಕಬ್ಬಿಗಿ ಬೇಕು,” ಎಂದರು ದಂಡೆಯಿಂದ ರೈತರು. ಅವಳು ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಮರುದಿನ ನಾವು ಎದ್ದಾಗ ಅಂಗಳದ ತುಂಬ ಬಿಸಿಲು. ಬಾಗಿಲು ತೆಗೆದರೆ ಹಾಲಿನವಳು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು.

“ಏನ್ರಿ ಇದು! ಮೂರ ಸಲ ಬಡದೇನಿ ಬಾಗಲಾ. ಇಬ್ಬರಿಗೂ ಎಚ್ಚರಿಲ್ಲ?”

“ಇಲ್ಲ,” ಎಂದಳು ನನ್ನ ಹೆಂಡತಿ, ಪಾತ್ರೆ ಒಡ್ಡುತ್ತ. “ಇಬ್ಬರಿಗೂ ಎಚ್ಚರಿರಲಿಲ್ಲ.”